ಒಳಗೆ ಯಾರಿದ್ದರು ಅಂತ ಮೊದಲು ಕೇಳಿ

(ಮೈಸೂರಿನಲ್ಲಿ ಮನೆ ಕಟ್ಟುವ ಆಸೆಯಿರುವವರು, ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಒಂದಷ್ಟು ರೈತರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹಳೆ ಫ್ಯಾಕ್ಟರಿ, ಗೋದಾಮು, ಮಿಲ್ಲು, ಕೊಟ್ಟಿಗೆ ಇವನ್ನೆಲ್ಲ ಮನೆ ಮಾಡಿಕೊಳ್ಳುವುದು ಈಗಿನ ಹೊಸ ಹುಚ್ಚು. ಫೋಟೊಗಳನ್ನು ನೀವೂ ನೋಡಿರುತ್ತೀರಿ. ಗಿಲಾವು ಇಲ್ಲದ ಇಟ್ಟಿಗೆ ಗೋಡೆ, ಕಬ್ಬಿಣದ ತೊಲೆ, ತಲೆಯೆತ್ತಿದರೆ ಎಲ್ಲೋ ಮೇಲೆ ಸೂರು, ಕೆಳಗೆ ಒಂದೇ ಒಂದು ಸೋಫಾ. ನೋಡಿದರೆ ಯಾರಿಗಾದರೂ ಆಸೆ ಆಗುತ್ತದೆ. ಬಚ್ಚಲು ಎಲ್ಲಿದೆ, ಒಗೆದ ಬಟ್ಟೆ ಎಲ್ಲಿ ಹರವುತ್ತಾರೆ ಅಂತ ಮಾತ್ರ ಆ ಫೋಟೊಗಳು ಯಾವತ್ತೂ ಹೇಳುವುದಿಲ್ಲ.

ನನ್ನ ಹತ್ತಿರ ಇಂಥ ಕೆಲಸಕ್ಕೆ ಬರುವವರು ಮೊದಲು ಕೇಳುವುದು ‘ಎಷ್ಟಾಗುತ್ತೆ?’ ಅಂತ. ನಾನು ತಿರುಗಿ ಕೇಳುವುದು ಬೇರೆ. ಆ ಕಟ್ಟಡ ಕಟ್ಟಿದಾಗ ಅದರೊಳಗೆ ಯಾರಿದ್ದರು? ಮನುಷ್ಯರು ಕೂತು ಕೆಲಸ ಮಾಡುತ್ತಿದ್ದರಾ, ಇಲ್ಲ ಬರೀ ಸಾಮಾನು ತುಂಬಿದ್ದರಾ? ಇವತ್ತಿನ ಮಾತೆಲ್ಲ ಹೆಚ್ಚುಕಡಿಮೆ ಈ ಪ್ರಶ್ನೆಯ ಸುತ್ತಲೇ.

ವಿಯೆನ್ನಾದಿಂದ ಶುರು ಮಾಡೋಣ. ಅಲ್ಲಿ ಸಿಮರಿಂಗ್ ಎಂಬ ಕಡೆ ನಾಲ್ಕು ದೈತ್ಯ ಇಟ್ಟಿಗೆ ಗೋಪುರಗಳು ಸಾಲಾಗಿ ನಿಂತಿವೆ. ಗ್ಯಾಸೋಮೀಟರ್ ಎನ್ನುತ್ತಾರೆ. 1896ರಿಂದ 1899ರ ನಡುವೆ ಕಟ್ಟಿದ್ದು. ಒಂದೊಂದೂ ಸುಮಾರು 70 ಮೀಟರ್ ಎತ್ತರ, 60 ಮೀಟರ್ ಅಗಲ, ದುಂಡಗೆ. ಕಲ್ಲಿದ್ದಲಿನಿಂದ ತೆಗೆದ ಗ್ಯಾಸನ್ನು ಇಲ್ಲಿ ತುಂಬಿಟ್ಟು ಇಡೀ ಊರಿಗೆ ಕೊಡುತ್ತಿದ್ದರು. ಒಂದೊಂದರಲ್ಲೂ 90,000 ಘನ ಮೀಟರ್ ಗ್ಯಾಸ್ ಹಿಡಿಯುತ್ತಿತ್ತು.

ನಮ್ಮ ಹಳ್ಳಿಗಳ ಹಳೆ ಗೋಬರ್ ಗ್ಯಾಸ್ ಪ್ಲಾಂಟ್ ನೆನಪಿದೆಯಾ? ಗುಂಡಿಯ ಮೇಲೆ ಬೋರಲು ಹಾಕಿದ ಕಬ್ಬಿಣದ ಡ್ರಮ್ಮು. ಗ್ಯಾಸ್ ತುಂಬಿದರೆ ಏಳುತ್ತದೆ, ಖಾಲಿಯಾದರೆ ಇಳಿಯುತ್ತದೆ. ವಿಯೆನ್ನಾದಲ್ಲಿದ್ದುದೂ ಅದೇ, ಭಾರಿ ಗಾತ್ರದ್ದು ಅಷ್ಟೇ. ನೀರಿನ ತೊಟ್ಟಿಯಲ್ಲಿ ತೇಲುವ ಕಬ್ಬಿಣದ ಡ್ರಮ್ಮು. ಆ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟದಿರಲಿ ಅಂತ ಸುತ್ತ ಇಟ್ಟಿಗೆ ಗೋಡೆ. ಒಂದು ಡ್ರಮ್ಮಿಗೆ ಅಷ್ಟು ಚೆಂದದ ಗೋಡೆ ಯಾಕೆ ಬೇಕಿತ್ತೋ! ಆ ಕಾಲದವರಿಗೆ ಗ್ಯಾಸಿನ ಟ್ಯಾಂಕೂ ಊರಿಗೆ ಮರ್ಯಾದೆ ತರುವಂತಿರಬೇಕಿತ್ತು ಅಂತ ಕಾಣುತ್ತದೆ. ಈಗಿನವರಾಗಿದ್ದರೆ ತಗಡು ಹೊಡೆದು ಮುಗಿಸುತ್ತಿದ್ದರು.

ಆಮೇಲೆ ಊರು ನೈಸರ್ಗಿಕ ಅನಿಲಕ್ಕೆ ಬದಲಾಯಿತು. 1984ರಲ್ಲಿ ಗೋಪುರಗಳ ಕೆಲಸ ಪೂರ್ತಿ ನಿಂತಿತು. ಆದರೆ ಅಷ್ಟರಲ್ಲಿ, 1978ರಲ್ಲೇ, ಸರ್ಕಾರ ಅವನ್ನು ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿಸಿಬಿಟ್ಟಿತ್ತು. ಕೆಡವುವ ಹಾಗಿಲ್ಲ. ಸುಮ್ನೆ ಬಿಟ್ಟರೂ ಪ್ರಯೋಜನವಿಲ್ಲ. ಕೊನೆಗೆ ನಾಲ್ಕು ಗೋಪುರಗಳನ್ನು ಬೇರೆ ಬೇರೆ ವಾಸ್ತುಶಿಲ್ಪಿಗಳಿಗೆ ಹಂಚಿದರು. 2001ರ ಹೊತ್ತಿಗೆ ಒಳಗೆ ಸುಮಾರು 600 ಮನೆಗಳು, ವಿದ್ಯಾರ್ಥಿಗಳ ಹಾಸ್ಟೆಲ್ಲು, ಅಂಗಡಿಗಳು ಬಂದವು. ಮೆಟ್ರೊ ಸ್ಟೇಷನ್ ಕೂಡ ಬಂತು.

ಈಗ ಕಷ್ಟ ಎಲ್ಲಿತ್ತು ಅಂತ ನೋಡಿ. ದುಂಡಗಿನ ಗೋಡೆ, ಒಳಗೆ 60 ಮೀಟರ್ ಅಗಲದ ಟೊಳ್ಳು. ಗ್ಯಾಸಿಗೆ ಕಿಟಕಿ ಯಾಕೆ ಬೇಕು? ಸಂರಕ್ಷಿತ ಗೋಡೆಗೆ ಬೇಕಾದ ಕಡೆಯೆಲ್ಲ ತೂತು ಹೊಡೆಯುವಂತಿಲ್ಲ. ಅಂದರೆ ಬೆಳಕು ಮುಖ್ಯವಾಗಿ ಮೇಲಿನಿಂದಲೇ ಬರಬೇಕು.

ನಾಲ್ವರೂ ಇದಕ್ಕೆ ಒಂದೊಂದು ದಾರಿ ಹುಡುಕಿದರು. ಫ್ರಾನ್ಸಿನ ಜಾನ್ ನುವೆಲ್ ಗೋಡೆಯ ಒಳಸುತ್ತಿಗೆ ಮನೆಗಳನ್ನು ಬಿಡಿಬಿಡಿ ಗೋಪುರಗಳಂತೆ ನಿಲ್ಲಿಸಿ, ನಡುನಡುವೆ ಸಂದು ಬಿಟ್ಟರು. ಆ ಮನೆಗಳ ಲೋಹದ ಹೊರಮೈ ಬೆಳಕನ್ನು ಒಂದರಿಂದ ಒಂದಕ್ಕೆ ದಾಟಿಸುತ್ತದೆ. ಮ್ಯಾನ್‌ಫ್ರೆಡ್ ವೇಡಾರ್ನ್ ಮನೆಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಹಿಂದಕ್ಕೆ ಸರಿಸಿ ನಡುವೆ ಹಸಿರು ಅಂಗಳ ಮಾಡಿದರು. ವಿಲ್‌ಹೆಲ್ಮ್ ಹೋಲ್ಟ್ಸ್‌ಬೌವರ್ ಎಲ್ಲವನ್ನೂ ಉಲ್ಟಾ ಮಾಡಿದರು. ಕಟ್ಟಡವನ್ನೇ ನಡುಮಧ್ಯ ಇಟ್ಟು ಮೂರು ತೋಳು ಚಾಚಿಸಿದರು, ತೋಳುಗಳ ನಡುವೆ ಮೂರು ಅಂಗಳ. ಕೂಪ್ ಹಿಮ್ಮೆಲ್‌ಬ್ಲೌ ಎಂಬ ತಂಡ ಇನ್ನೂ ಜೋರು. ಒಳಗೆ ಮಾಡುವಷ್ಟು ಮಾಡಿ, ಗೋಪುರದ ಹೊರಗೆ ಗುರಾಣಿಯಂಥ ಹೊಸ ಕಟ್ಟಡವನ್ನೇ ಆನಿಸಿ ನಿಲ್ಲಿಸಿತು. ಅಲ್ಲಿರುವವರಿಗೆ ಬೆಳಕೂ ಉಂಟು, ನೋಟವೂ ಉಂಟು.

ನನಗೆ ಇಷ್ಟವಾದದ್ದು ಹೋಲ್ಟ್ಸ್‌ಬೌವರ್ ಅವರದು. ಫೋಟೊದಲ್ಲಿ ನುವೆಲ್ ಅವರದ್ದೇ ಗೆಲ್ಲುತ್ತದೆ, ಅದು ಬೇರೆ ಮಾತು. ನಾಲ್ಕರಲ್ಲೂ ಹಣ, ಬುದ್ಧಿ ಎರಡೂ ಹೆಚ್ಚು ಖರ್ಚಾದದ್ದು ಬೆಳಕು ತರುವುದಕ್ಕೆ. ಸಾಮಾನಿಗೆ ಅಂತ ಕಟ್ಟಿದ ಕಟ್ಟಡಕ್ಕೆ ಮನುಷ್ಯರನ್ನು ತಂದರೆ ಹೀಗಾಗುತ್ತದೆ.

ಈಗ ನ್ಯೂಯಾರ್ಕಿನ ಸೋಹೊಗೆ ಬನ್ನಿ. ಅಲ್ಲಿ ಕತೆ ತಿರುಗುಮುರುಗು. 19ನೇ ಶತಮಾನದಲ್ಲಿ ಕಟ್ಟಿದ ಎರಕದ ಕಬ್ಬಿಣದ ಕಟ್ಟಡಗಳು. ಬಟ್ಟೆ ಹೊಲಿಯುವ, ಸಣ್ಣಪುಟ್ಟ ವಸ್ತು ತಯಾರಿಸುವ ಕೆಲಸ ಅಲ್ಲಿ ನಡೆಯುತ್ತಿತ್ತು. ಕರೆಂಟು ಇಲ್ಲದ ಕಾಲ. ಹೊಲಿಯುವವರಿಗೆ ಸೂಜಿ ಕಾಣಬೇಕಲ್ಲ? ಕಬ್ಬಿಣದ ಕಂಬ ಸಣ್ಣಗಿದ್ದರೂ ಭಾರ ಹೊರುತ್ತದೆ. ಹಾಗಾಗಿ ಕಂಬದಿಂದ ಕಂಬಕ್ಕೆ ಇಡೀ ಅಗಲಕ್ಕೆ ಗಾಜು ಹಾಕಿದರು. ಎರಡನೇ ಮಹಾಯುದ್ಧದ ನಂತರ ಕಾರ್ಖಾನೆಗಳು ಊರ ಹೊರಗೆ ಹೋದವು, ಕಟ್ಟಡ ಖಾಲಿ ಬಿದ್ದವು. ಅಗ್ಗದ ಬಾಡಿಗೆಗೆ ದೊಡ್ಡ ಜಾಗ, ಒಳ್ಳೆ ಬೆಳಕು. ಚಿತ್ರ ಬಿಡಿಸುವವರಿಗೆ ಇನ್ನೇನು ಬೇಕು? ಬಂದು ಸೇರಿಕೊಂಡರು.

ಕಾನೂನು ಪ್ರಕಾರ ಅಲ್ಲಿ ಯಾರೂ ವಾಸ ಮಾಡುವಂತಿರಲಿಲ್ಲ. ಕೆಲಸದ ಹೊತ್ತು ಮುಗಿದ ಮೇಲೆ ಚಳಿ ಕಾಯಿಸುವ ವ್ಯವಸ್ಥೆ ಬಂದ್. ಅಡುಗೆಮನೆ ಇಲ್ಲ, ಸ್ನಾನದ ಮನೆ ಇಲ್ಲ. ಆ ಪ್ರದೇಶಕ್ಕೆ ಅಗ್ನಿಶಾಮಕ ದಳದವರು ‘ನರಕದ ನೂರು ಎಕರೆ’ ಅಂತ ಹೆಸರಿಟ್ಟಿದ್ದರು, ಅಷ್ಟು ಬೆಂಕಿ ಬೀಳುತ್ತಿತ್ತು. 1961ರಲ್ಲಿ ಒಂದು ಒಪ್ಪಂದ ಆಯಿತು. ಕಲಾವಿದ ವಾಸ ಇದ್ದರೆ ಬೀದಿ ಬಾಗಿಲಿನ ಹತ್ತಿರ ಒಂದು ಸಣ್ಣ ಫಲಕ ಹಾಕಬೇಕು. ಅದರಲ್ಲಿ ಎ.ಐ.ಆರ್. ಎಂಬ ಮೂರಕ್ಷರ, ಕೆಳಗೆ ಎಷ್ಟನೇ ಮಹಡಿ ಅನ್ನುವುದು. ಇಲ್ಲಿ ಕಲಾವಿದ ವಾಸ ಇದ್ದಾನೆ ಅಂತ ಅದರ ಅರ್ಥ. ರಾತ್ರಿ ಬೆಂಕಿ ಬಿದ್ದರೆ, ಖಾಲಿ ಗೋದಾಮು ಅಂದುಕೊಂಡು ಬಿಟ್ಟುಬಿಡಬೇಡಿ, ಮೂರನೇ ಮಹಡಿಯಲ್ಲಿ ಒಬ್ಬ ಮಲಗಿದ್ದಾನೆ ಅಂತ ಅಗ್ನಿಶಾಮಕದವರಿಗೆ ಗೊತ್ತಾಗಲಿ ಅಂತ. ಇವತ್ತು ಕೋಟಿಗಟ್ಟಲೆ ಬೆಲೆಬಾಳುವ ಆ ಮನೆಗಳು ಮೊದಲು ಮನೆ ಆದದ್ದು ಆ ಫಲಕದ ಮೇಲೆ.

1971ರಲ್ಲಿ ಕಲಾವಿದರ ವಾಸಕ್ಕೆ ಅನುಮತಿ ಸಿಕ್ಕಿತು. 1973ರಲ್ಲಿ ಆ ಪ್ರದೇಶವೇ ಸಂರಕ್ಷಿತ ಆಯಿತು. 1982ರಲ್ಲಿ ಇಂಥ ಬಾಡಿಗೆದಾರರಿಗೆ ರಕ್ಷಣೆ ಕೊಡುವ ಕಾನೂನೂ ಬಂತು. ಆಮೇಲೆ ದುಡ್ಡಿದ್ದವರು ಬಂದರು, ಕಲಾವಿದರು ಹೋದರು. ಅದನ್ನು ಎಲ್ಲರೂ ಹೇಳುತ್ತಾರೆ, ನಾನು ಮತ್ತೆ ಹೇಳುವುದಿಲ್ಲ.

ಸೋಹೊದಲ್ಲೂ ಒಂದು ತೊಡಕಿದೆ. ಅಲ್ಲಿನ ಸೈಟುಗಳು ಸಾಮಾನ್ಯವಾಗಿ 25 ಅಡಿ ಅಗಲ, 100 ಅಡಿ ಉದ್ದ. ಮುಂದೆ ಹಿಂದೆ ಕಿಟಕಿ, ಎರಡೂ ಪಕ್ಕ ಬೇರೆಯವರ ಗೋಡೆ. ಕಿಟಕಿಯ ಮೇಲಂಚಿನ ಎತ್ತರದ ಎರಡು, ಎರಡೂವರೆ ಪಟ್ಟು ದೂರದವರೆಗೆ ಮಾತ್ರ ಬೆಳಕು ಒಳಗೆ ಚೆನ್ನಾಗಿ ಬರುತ್ತದೆ. ಇದು ನಮ್ಮ ವೃತ್ತಿಯ ಕೈಲೆಕ್ಕ. ನಡುವಿನ ಭಾಗ ಕತ್ತಲೇ. ಹಾಗಾಗಿ ಬಚ್ಚಲು, ಅಡುಗೆಮನೆ, ಸಾಮಾನು ಕೋಣೆ ಎಲ್ಲ ನಡುವಿಗೆ ಹೋಗುತ್ತವೆ. ಬೆಂಗಳೂರಿನ ಪೇಟೆ ಬೀದಿಗಳ ಉದ್ದುದ್ದ ಮನೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸ್ಪೇನಿನ ಬಾರ್ಸಿಲೋನಾದ ಹತ್ತಿರ ರಿಕಾರ್ಡೊ ಬೊಫಿಲ್ ಎಂಬ ವಾಸ್ತುಶಿಲ್ಪಿ ಹಳೆ ಸಿಮೆಂಟ್ ಫ್ಯಾಕ್ಟರಿಯನ್ನೇ ಮನೆ, ಆಫೀಸು ಮಾಡಿಕೊಂಡರು. 1973ರಲ್ಲಿ ಅವರ ಕಣ್ಣಿಗೆ ಬಿದ್ದಾಗ 30ಕ್ಕೂ ಹೆಚ್ಚು ಸೈಲೊಗಳಿದ್ದವು, ಅಂದರೆ ಸಿಮೆಂಟು ತುಂಬಿಡುವ ಗೋಪುರದಂಥ ಕಣಜಗಳು. ಉಳಿಸಿಕೊಂಡದ್ದು ಎಂಟು. ಉಳಿದದ್ದಕ್ಕೆ ಡೈನಮೈಟ್. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಪ್ರಪಂಚದಲ್ಲೇ ಹೆಸರಾದ ಈ ಪರಿವರ್ತನೆಯಲ್ಲೂ ಬಹುಪಾಲು ಕೆಲಸ ಕೆಡವಿದ್ದು. ಏನು ಉಳಿಸಬೇಕು ಅನ್ನುವುದಕ್ಕಿಂತ ಏನು ತೆಗೆಯಬೇಕು ಅಂತ ಗೊತ್ತಿರಬೇಕು. ಬೊಫಿಲ್ 2022ರಲ್ಲಿ ತೀರಿಕೊಂಡರು, ಅಲ್ಲಿವರೆಗೂ ಅದೇ ಅವರ ಮನೆ.

ಸರಿ, ಈಗ ನಮ್ಮ ಊರಿನ ಕಡೆ.

ಇಲ್ಲಿ ಹುಣಸೂರು, ಪಿರಿಯಾಪಟ್ಟಣದ ಕಡೆಯವರು ಇದ್ದೀರಿ. ನಿಮ್ಮ ಹೊಲಗಳಲ್ಲಿ ತಂಬಾಕು ಸೊಪ್ಪನ್ನು ಬಿಸಿಯಲ್ಲಿ ಒಣಗಿಸುವ ಬ್ಯಾರನ್‌ಗಳು ಉಂಟು. ಬೆಳೆ ಬಿಟ್ಟವರು ಅದನ್ನು ರೂಮು ಮಾಡಬಹುದಾ ಅಂತ ಕೇಳುತ್ತಾರೆ. ಹೊರಗಿನಿಂದ ನೋಡಿದರೆ ಭರ್ಜರಿ ಕಟ್ಟಡ. ದಪ್ಪ ಗೋಡೆ, ಒಳ್ಳೆ ಎತ್ತರ. ಒಳಗೆ ಹೋಗಿ ನಿಂತುಕೊಳ್ಳಿ. ತಗ್ಗು ಬಾಗಿಲು ಒಂದೇ. ಕೆಳಗೊಂದಷ್ಟು, ಮೇಲೊಂದಷ್ಟು ಗಾಳಿ ಕಂಡಿ. ನೆಲದ ಮೇಲೆ ಬಿಸಿ ಹೋಗುವ ತಗಡಿನ ಕೊಳವೆ, ಅದಕ್ಕೆ ಹೊರಗಿನಿಂದ ಸೌದೆ ಉರಿಸುವ ಒಲೆ. ತಲೆಯ ಮೇಲೆ ಅಡ್ಡಡ್ಡ ಗಳಗಳು, ಸೊಪ್ಪು ಪೋಣಿಸಿದ ಕಡ್ಡಿಗಳನ್ನು ಸಾಲು ಸಾಲಾಗಿ ಇಡುವುದಕ್ಕೆ. ಬಿಸಿ ಒಳಗೇ ಇರಬೇಕು, ಹೊರಗೆ ಹೋಗಬಾರದು ಅನ್ನುವುದೇ ಆ ಕೋಣೆಯ ಉದ್ದೇಶ. ನಮ್ಮ ಹವೆಗೆ ಮನೆ ಮಾಡಬೇಕಾದ್ದು ಅದರ ಉಲ್ಟಾ. ಜೊತೆಗೆ ವರ್ಷಗಟ್ಟಲೆ ಹೊಗೆಸೊಪ್ಪಿನ ವಾಸನೆ ಕುಡಿದ ಗೋಡೆ. ಮಳೆಗಾಲದಲ್ಲಿ ಅದು ಮತ್ತೆ ಬರುತ್ತದೆ, ಎಷ್ಟು ಬಣ್ಣ ಬಳಿದರೂ.

ಕಿಟಕಿ ಇಡಬಹುದಲ್ವಾ ಅನ್ನುತ್ತೀರಿ. ಇಡಬಹುದು. ನ್ಯಾಷನಲ್ ಬಿಲ್ಡಿಂಗ್ ಕೋಡ್ ಪ್ರಕಾರ ವಾಸದ ಕೋಣೆಗೆ ನೆಲದ ವಿಸ್ತೀರ್ಣದ ಹತ್ತನೇ ಒಂದು ಭಾಗದಷ್ಟಾದರೂ ಕಿಟಕಿ ಬೇಕು, ಅದೂ ಒಣ ಸೆಕೆಯ ಊರಿಗೆ. ಸೆಕೆಯ ಜೊತೆ ತೇವ ಇರುವ ಕರಾವಳಿಯಂಥ ಕಡೆ ಆರನೇ ಒಂದು. ಅಷ್ಟು ಗೋಡೆ ಒಡೆದು, ಮೇಲೆ ಲಿಂಟಲ್ ಕೂರಿಸಿ, ನಡುವೆ ಅಟ್ಟ ಹಾಕುವ ಹೊತ್ತಿಗೆ ಹಳೆ ಬ್ಯಾರನ್‌ನಲ್ಲಿ ಉಳಿದದ್ದು ಮೂಲೆ ಮಾತ್ರ. ಅದನ್ನು ಸಾಮಾನಿಗೇ ಇಟ್ಟುಕೊಳ್ಳಿ ಅನ್ನುತ್ತೇನೆ. ಕೆಲವರಿಗೆ ಬೇಜಾರಾಗುತ್ತದೆ.

ಈಗ ರಾಮನಗರ, ಕನಕಪುರದ ಕಡೆ ರೇಷ್ಮೆ ಹುಳು ಸಾಕುವ ಮನೆ ನೋಡಿ. ಎರಡೂ ಕಡೆ ಎದುರುಬದುರು ಕಿಟಕಿ, ಹುಳುವನ್ನು ಕೊಲ್ಲುವ ಊಜಿ ನೊಣ ಬರದ ಹಾಗೆ ಬಲೆ. ಒಳ್ಳೆ ಎತ್ತರ, ಕೆಲವು ಕಡೆ ಮುಂದೆ ಪಡಸಾಲೆ. ಹುಳುವಿಗೆ 24ರಿಂದ 28 ಡಿಗ್ರಿ ಶಾಖ ಬೇಕು, ಉಸಿರುಗಟ್ಟಬಾರದು, ನೇರ ಬಿಸಿಲು ಬೀಳಬಾರದು. ನಮಗೂ ಬೇಕಾದ್ದು ಅಷ್ಟೇ ತಾನೇ! ಅದನ್ನು ಮನೆ ಮಾಡಲು ಬೇಕಾದ್ದು ಒಂದು ಬಚ್ಚಲು, ಒಂದು ಅಡುಗೆಮನೆ, ಎರಡು ಅಡ್ಡಗೋಡೆ. ಶಾಖ ಹೆಚ್ಚುಕಡಿಮೆ ಆದರೆ ರೋಗಕ್ಕೆ ಬೀಳುವ ಜೀವಕ್ಕೆ ಅಂತ ಕಟ್ಟಿದ್ದು. ಅದರಲ್ಲಿ ಮನುಷ್ಯ ಆರಾಮಾಗಿ ಇರುತ್ತಾನೆ. ಆದರೆ ಫೋಟೊಕ್ಕೆ ಚೆನ್ನಾಗಿಲ್ಲ ಅಂತ ಯಾರೂ ಕೇಳುವುದಿಲ್ಲ, ಎಲ್ಲರಿಗೂ ಬ್ಯಾರನ್ನೇ ಬೇಕು.

ಹಾಗಾದರೆ ನಮ್ಮಲ್ಲಿ ಇಂಥ ಕೆಲಸ ಯಾಕೆ ಕಡಿಮೆ? ದುಡ್ಡಿಲ್ಲ, ಅಭಿರುಚಿ ಇಲ್ಲ ಅಂತ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ನಮ್ಮ ಕಾನೂನು ಕಟ್ಟಡವನ್ನು ನೋಡುವುದೇ ಇಲ್ಲ.

ಇಂಗ್ಲೆಂಡಿನಲ್ಲಿ 2014ರಿಂದ ಒಂದು ನಿಯಮ ಇದೆ, ಈಗ ಕ್ಲಾಸ್ ಕ್ಯೂ ಅಂತ ಕರೆಯುತ್ತಾರೆ. ಹೊಲದ ಹಳೆ ಕಣಜ, ಕೊಟ್ಟಿಗೆಗಳನ್ನು ಪೂರ್ತಿ ಪ್ಲಾನಿಂಗ್ ಅನುಮತಿಯ ರಗಳೆ ಇಲ್ಲದೆ ಮನೆ ಮಾಡಬಹುದು. ಷರತ್ತು ಏನೆಂದರೆ, ಆ ಕಟ್ಟಡಕ್ಕೆ ಮನೆ ಆಗುವ ತಾಕತ್ತು ಇರಬೇಕು. ಕಿಟಕಿ, ಬಾಗಿಲು, ಮಾಡು, ಹೊರಗೋಡೆ ಅಗತ್ಯ ಇದ್ದಷ್ಟು ಬದಲಿಸಬಹುದು. 2016ರಲ್ಲಿ ಇದರ ಮೇಲೆ ಒಂದು ಕೇಸು ಹೈಕೋರ್ಟಿಗೆ ಹೋಯಿತು. ಕಬ್ಬಿಣದ ಕಂಬದ ಶೆಡ್ಡು, ಮೂರು ಕಡೆ ಹೆಚ್ಚುಕಡಿಮೆ ಗೋಡೆಯೇ ಇಲ್ಲ. ಮಾಲೀಕರು ಇದನ್ನು ಮನೆ ಮಾಡುತ್ತೇವೆ ಅಂದರು. ಕೋರ್ಟು ಒಪ್ಪಲಿಲ್ಲ. ಇಷ್ಟೆಲ್ಲ ಹೊಸದಾಗಿ ಕಟ್ಟಿದರೆ ಅದು ಪರಿವರ್ತನೆ ಹೇಗಾಗುತ್ತದೆ, ಹೊಸ ಮನೆಯೇ ಆಯಿತಲ್ಲ ಅನ್ನುವುದು ತೀರ್ಪಿನ ಸಾರ. ಅಂದರೆ ಅಲ್ಲಿ ಅಧಿಕಾರಿ ಬಂದು ಗೋಡೆ ತಟ್ಟಿ ನೋಡುತ್ತಾನೆ.

ನಮ್ಮಲ್ಲಿ? ಡಿಸಿ ಕನ್ವರ್ಷನ್ ಆಯಿತಾ ಅಂತ ಕೇಳುತ್ತೇವೆ. 1964ರ ಭೂ ಕಂದಾಯ ಕಾಯ್ದೆಯ 95ನೇ ಸೆಕ್ಷನ್. ಅದರಲ್ಲಿ ಪರಿವರ್ತನೆ ಆಗುವುದು ಜಮೀನು. ಮೇಲಿರುವ ಕಟ್ಟಡ ಗಟ್ಟಿಯಾ, ಉಳಿಸಬಹುದಾ ಅಂತ ಕೇಳುವುದಿಲ್ಲ. ಕೃಷಿ ಜಮೀನು ವಾಸಕ್ಕೆ ಅಂತ ಬದಲಾದ ದಿನವೇ ಅದರ ಬೆಲೆ ಏರುತ್ತದೆ, ಮೇಲಿರುವ ಹಳೆ ಕಟ್ಟಡ ಅಡ್ಡಿ ಅನ್ನಿಸತೊಡಗುತ್ತದೆ. ಜೆಸಿಬಿ ಬರುತ್ತದೆ.

ಮುಂಬೈ ಗಿರಣಿಗಳಲ್ಲಿ ಆದದ್ದೂ ಅದೇ. 1982ರ ದೊಡ್ಡ ಮುಷ್ಕರದ ನಂತರ ಬಟ್ಟೆ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಊರ ನಡುವೆ ಸುಮಾರು 600 ಎಕರೆ. 1991ರ ನಿಯಮದ ಪ್ರಕಾರ ಜಮೀನಿನಲ್ಲಿ ಮೂರನೇ ಒಂದು ಭಾಗ ಊರಿನ ಬಯಲಿಗೆ, ಒಂದು ಭಾಗ ಸರ್ಕಾರಿ ವಸತಿಗೆ, ಉಳಿದದ್ದು ಮಾಲೀಕನಿಗೆ. 2001ರಲ್ಲಿ ಅದನ್ನು ತಿದ್ದಿ, ಹಂಚುವುದು ಮೊದಲಿಂದ ಖಾಲಿ ಇದ್ದ ಜಾಗ ಮಾತ್ರ ಅಂದರು. ಗಿರಣಿ ಕೆಡವಿದ ಮೇಲೆ ಸಿಗುವ ಜಾಗ ಲೆಕ್ಕಕ್ಕಿಲ್ಲ. 2006ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ನೇಯ್ಗೆ ಶೆಡ್ಡುಗಳ ಮಾಡು ಗರಗಸದ ಹಲ್ಲಿನ ಹಾಗೆ ಇರುತ್ತಿತ್ತು, ಗಾಜು ಉತ್ತರಕ್ಕೆ ಮುಖ ಮಾಡಿ. ನೂಲಿನ ಮೇಲೆ ಬಿಸಿಲು ಬೀಳಬಾರದು, ಬೆಳಕು ಬೀಳಬೇಕು ಅಂತ. ಮನುಷ್ಯರಿಗೆ ಅಂತ ಕಟ್ಟಿದ ಬೆಳಕಿನ ಕಟ್ಟಡ ಅಂದರೆ ಅದು. ಆದರೆ ಒಂದೇ ಅಂತಸ್ತು, ಎಕರೆಗಟ್ಟಲೆ ಹರಡಿದ್ದು. ಆ ಜಾಗದಲ್ಲಿ 40 ಅಂತಸ್ತು ಏಳಿಸಬಹುದಾದರೆ ಬೆಳಕಿನ ಲೆಕ್ಕ ಯಾರಿಗೆ ಬೇಕು? ಫೀನಿಕ್ಸ್ ಮಿಲ್ಸಿನ ಮಾಲ್‌ನಲ್ಲಿ ಚಿಮಣಿ ಒಂದು ನಿಂತಿದೆ. ನಮ್ಮ ಬಿನ್ನಿ ಮಿಲ್ಲು ನೋಡಿ. ಮೂಲ ಕಂಪನಿ ಹುಟ್ಟಿದ್ದು 1884ರಲ್ಲಿ. ಈಗ ಅಲ್ಲಿ ಅಪಾರ್ಟ್‌ಮೆಂಟುಗಳಿವೆ, ಬಿನ್ನಿಪೇಟೆ ಅನ್ನುವ ಹೆಸರಿದೆ.

ಇಷ್ಟಾದರೂ ಮಾಡಲೇಬೇಕು ಅನ್ನುವವರಿಗೆ ಕೆಲವು ಮಾತು.

ಒಂದು ಒಳ್ಳೆ ಸುದ್ದಿ. ಫ್ಯಾಕ್ಟರಿ, ಗೋದಾಮಿನ ನೆಲ ಗಟ್ಟಿ. ಕಟ್ಟಡ ಎಷ್ಟು ಭಾರ ಹೊರಬೇಕು ಅಂತ ಹೇಳುವ ನಮ್ಮ ಐಎಸ್ 875 ಮಾನದಂಡದ ಲೆಕ್ಕದಲ್ಲಿ ಮನೆಯ ನೆಲ ಚದರ ಮೀಟರಿಗೆ ಸುಮಾರು 200 ಕೆಜಿ ಭಾರ ತಡೆಯಬೇಕು. ಯಂತ್ರಗಳಿರುವ ಕಾರ್ಖಾನೆಗೆ 500ರಿಂದ 1,000 ಕೆಜಿ. ಹಾಗಾಗಿ ಒಳಗೆ ಮರದ ಅಟ್ಟ, ಪುಸ್ತಕದ ಕಪಾಟು ಹಾಕುವುದಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಆದರೆ ಹಳೆ ಕಟ್ಟಡ ಈ ಲೆಕ್ಕದಲ್ಲೇ ಕಟ್ಟಿದ್ದು ಅನ್ನುವ ಖಾತ್ರಿ ಇರುವುದಿಲ್ಲ. ತೊಲೆ ತುಕ್ಕು ಹಿಡಿದಿದೆಯಾ, ಗೆದ್ದಲು ತಿಂದಿದೆಯಾ ಅಂತ ಎಂಜಿನಿಯರ್ ನೋಡಲೇಬೇಕು. ಮರದ ತೊಲೆ ಗೋಡೆಯೊಳಗೆ ಹೋಗುವ ತುದಿ ನೋಡಿ. ನಡುವೆ ಕಬ್ಬಿಣದಂತಿರುತ್ತದೆ, ತುದಿಯಲ್ಲಿ ಸ್ಕ್ರೂಡ್ರೈವರ್ ಚುಚ್ಚಿದರೆ ಪುಡಿ ಉದುರುತ್ತದೆ.

ಗಾರೆ ಗೋಡೆಗೆ ಸಿಮೆಂಟು ಬಳಿಯಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಸುಣ್ಣದ ಗಾರೆ, ಅದಕ್ಕೆ ಬೆಲ್ಲದ ನೀರು, ಅಳಲೆಕಾಯಿ ನೀರು ಹಾಕಿ ಅರೆದು ಕಟ್ಟಿದ ಗೋಡೆ ನೆಲದ ತೇವ ಹೀರಿಕೊಳ್ಳುತ್ತದೆ. ಹೀರಿಕೊಂಡದ್ದನ್ನು ಸುಣ್ಣದ ಮೈಯಿಂದ ಗಾಳಿಗೆ ಬಿಡುತ್ತದೆ. ಸಿಮೆಂಟ್ ಗಿಲಾವು ಮಾಡಿದರೆ ಆ ದಾರಿ ಮುಚ್ಚಿತು. ತೇವ ಒಳಗೇ ಮೇಲೆ ಏರುತ್ತದೆ, ಗೋಡೆ ಉಪ್ಪು ಬಿಡುತ್ತದೆ, ಒಂದೆರಡು ಮಳೆಗಾಲದಲ್ಲಿ ಗಿಲಾವು ಹಪ್ಪಳದಂತೆ ಎದ್ದು ಬರುತ್ತದೆ. ಆಗ ಮೇಸ್ತ್ರಿ ಏನು ಮಾಡುತ್ತಾನೆ? ಇನ್ನೂ ಗಟ್ಟಿ ಸಿಮೆಂಟು! ಸುಣ್ಣದ ಕೆಲಸ ಬಲ್ಲ ಮೇಸ್ತ್ರಿ ಸಿಗುವವರೆಗೆ ಕಾಯಿರಿ. ಹೊಳೆಯುವ ಎಮಲ್ಷನ್ ಬಣ್ಣವೂ ಬೇಡ, ಸುಣ್ಣವೇ ಹೊಡೆಸಿ.

ಆಮೇಲೆ ನೆಲದಡಿಯ ಮಣ್ಣು. ಬಣ್ಣ ಹಾಕುವ ಘಟಕ, ಎಣ್ಣೆ, ಟಾರು, ರಾಸಾಯನಿಕ ಇಟ್ಟ ಜಾಗ ಆಗಿದ್ದರೆ ಮಣ್ಣನ್ನೂ ಬಾವಿ ನೀರನ್ನೂ ಲ್ಯಾಬಿಗೆ ಕಳಿಸಿ. ಫಲಿತಾಂಶ ಬರುವವರೆಗೆ ಅಡ್ವಾನ್ಸ್ ಕೊಡಬೇಡಿ.

ಕೊನೆಗೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಕೊಡುತ್ತಿದ್ದೇನೆ.

‘ಸಾರ್, ನಮ್ಮದು ಹಳೆ ರೈಸ್ ಮಿಲ್ಲು. ಹೊಸ ಮನೆಗಿಂತ ಅಗ್ಗ ಆಗುತ್ತಾ?’

ಅಗ್ಗ ಆಗಲಿ ಅಂತ ಮಾಡಬೇಡಿ. ಅಡಿಪಾಯ, ಗೋಡೆಯ ಖರ್ಚು ಉಳಿಯುತ್ತದೆ ಅಂತ ಕಾಣುತ್ತದೆ. ಆದರೆ ಪೈಪು, ವೈರು, ಮಾಡು ಎಲ್ಲ ಹೊಸದೇ. ಗೋಡೆ ಬಿಚ್ಚಿದ ಮೇಲೆ ಸಿಗುವ ಅಚ್ಚರಿಗಳಿಗೆ ಬೇರೆ ದುಡ್ಡು ತೆಗೆದಿಡಬೇಕು. ಮೊದಲು ಅಳತೆ ಮಾಡಿ ಇದ್ದದ್ದು ಇದ್ದಂತೆ ಒಂದು ನಕ್ಷೆ ಮಾಡಿಸಿ. ನಂತರ ಮಾಡು ರಿಪೇರಿ. ಸೋರುವ ಮಾಡಿನ ಕೆಳಗೆ ಏನು ಮಾಡಿದರೂ ವ್ಯರ್ಥ.

‘ಮೇಲೆ ಆಸ್ಬೆಸ್ಟಾಸ್ ಶೀಟು ಇದೆ. ಹಾಗೇ ಬಿಟ್ಟು ಕೆಳಗೆ ಫಾಲ್ಸ್ ಸೀಲಿಂಗ್ ಮಾಡಿಸಬಹುದಾ ಸಾರ್?’

ಸೀಲಿಂಗ್ ಮಾಡಲು ಹೋಗುವ ಹುಡುಗ ಶೀಟಿಗೆ ಡ್ರಿಲ್ ಹಾಕುತ್ತಾನೆ, ಅಲ್ಲೇ ಅಪಾಯ. ಆ ಧೂಳು ಶ್ವಾಸಕೋಶಕ್ಕೆ ಹೋದರೆ ಹತ್ತಾರು ವರ್ಷ ಆದ ಮೇಲೆ ಕ್ಯಾನ್ಸರ್ ಆಗಿ ಕಾಣಿಸಿಕೊಳ್ಳಬಹುದು. ಬ್ರಿಟನ್ 1999ರಲ್ಲೇ ಅದನ್ನು ಪೂರ್ತಿ ನಿಷೇಧಿಸಿತು. ನಮ್ಮಲ್ಲಿ ಶೀಟು ಇನ್ನೂ ಅಂಗಡಿಯಲ್ಲಿ ಸಿಗುತ್ತದೆ. ವಾಸದ ಮನೆಗೆ ಬೇಡ, ತೆಗೆಸಿ. ತೆಗೆಸುವಾಗ ನೀರು ಹಾಕಿ ನೆನೆಸಿ, ಒಡೆಯದೆ, ಕೊಯ್ಯದೆ ಇಡಿಯಾಗಿ ಇಳಿಸಬೇಕು. ಕೆಲಸದವರಿಗೆ ಸರಿಯಾದ ಮಾಸ್ಕ್ ಕೊಡಿ, ಟವಲ್ ಕಟ್ಟಿಕೊಂಡರೆ ಆಗುವುದಿಲ್ಲ.

‘ಹೊಲದಲ್ಲಿರುವ ಹುಳು ಮನೆಯನ್ನು ಮಗಳ ಸಂಸಾರಕ್ಕೆ ಅಂತ ಮನೆ ಮಾಡಬೇಕು. ಬ್ಯಾಂಕಿನವರು ಸಾಲ ಕೊಡುತ್ತಾರಾ?’

ಅಮ್ಮಾ, ಬ್ಯಾಂಕಿನವರು ನಿಮ್ಮ ಹುಳು ಮನೆ ಎಷ್ಟು ತಂಪಾಗಿದೆ ಅಂತ ನೋಡುವುದಿಲ್ಲ. ಜಮೀನಿನ ಕಾಗದ, ಮಂಜೂರಾದ ಪ್ಲಾನು ಕೇಳುತ್ತಾರೆ. ರೈತರು ತಮ್ಮ ಹಿಡುವಳಿಯ ಮಿತಿಯೊಳಗೆ ತೋಟದ ಮನೆ ಮಾಡಿಕೊಂಡು ಇರುವುದಕ್ಕೆ ಅವಕಾಶ ಉಂಟು, ಆದರೆ ಗೃಹಸಾಲ ಅಂದಾಗ ಆ ಕಾಗದ ಸಾಲುವುದಿಲ್ಲ ಅನ್ನುವವರೇ ಜಾಸ್ತಿ. ಪೂರ್ತಿ ಜಮೀನು ಪರಿವರ್ತನೆ ಮಾಡಿಸಬೇಡಿ. ಕಟ್ಟಡ ನಿಂತಿರುವಷ್ಟು ಜಾಗ, ಅದಕ್ಕೆ ದಾರಿ, ಇಷ್ಟಕ್ಕೆ ಸರ್ವೆ ಮಾಡಿಸಿ ಅರ್ಜಿ ಹಾಕಿ. ಕಾಗದ ಕೈಗೆ ಬಂದ ಮೇಲೆ ಮೇಸ್ತ್ರಿಯನ್ನು ಕರೆಯಿರಿ. ಅಲ್ಲಿವರೆಗೂ ಹುಳು ಸಾಕುವುದಿದ್ದರೆ ಇನ್ನೊಂದು ಬೆಳೆ ತೆಗೆದುಕೊಳ್ಳಬಹುದು.